ಗಿರಣಿ ಕಡೆಯ ಬಾಗಿಲು

ಆರೋಗ್ಯ ಕೇಂದ್ರದ ನಾಲ್ಕನೇ ನಂಬರ್ ಕೋಣೆ ಅಂದರೆ ದೊಡ್ಡಸಿಸ್ಟರ್, ದೊಡ್ಡಸಿಸ್ಟರ್ ಅಂದರೆ ನಾಲ್ಕನೇ ನಂಬರ್ ಕೋಣೆ. ಹತ್ತೊಂಬತ್ತು ವರ್ಷದಿಂದ ಹಾಗೇ ನಡೆದುಕೊಂಡು ಬಂದಿತ್ತು. ಬಾಗಿಲ ಮೇಲೆ ‘ಕುಟುಂಬ ಯೋಜನೆ’ ಎಂದು ಬರೆದ ತಗಡಿನ ಹಲಗೆ, ಒಳಗೆ ಒಂದು ಮೇಜು, ಎರಡು ಕುರ್ಚಿ, ಹಸಿರು ಪರದೆಯ ಹಿಂದೆ ಒಂದು ಮಂಚ, ಗೋಡೆಗೆ ಆನಿಸಿದ ಗಾಜಿನ ಬೀರು. ಬೀರುವಿನ ಮೇಲಿನ ಖಾನೆಯಲ್ಲಿ ಮಾತ್ರೆಯ ಪಟ್ಟಿಗಳು, ಕೆಳಗಿನದರಲ್ಲಿ ಮೂರು ತಿಂಗಳಿಗೊಮ್ಮೆ ಹಾಕುವ ಚುಚ್ಚುಮದ್ದು, ಅದರ ಕೆಳಗೆ ಕಾಪರ್-ಟಿ ಡಬ್ಬಿಗಳು. ಕಣ್ಣು ಕಟ್ಟಿ ಬಿಟ್ಟರೂ ದೊಡ್ಡಸಿಸ್ಟರ್ ಬೇಕಾದದ್ದನ್ನು ಕೈಹಾಕಿ ತೆಗೆಯುತ್ತಿದ್ದರು. ಅಷ್ಟರಲ್ಲಿ ಏಳು ಜನ ಡಾಕ್ಟರು ಬಂದು ಹೋಗಿದ್ದರು. ಯಾರೇ ಬಂದರೂ ಮೊದಲ ದಿನ ಆ ಕೋಣೆಗೆ ಇಣುಕಿ, “ಇದೊಂದು ಕೋಣೆ ಬಗ್ಗೆ ನನಗೆ ತಲೆಬಿಸಿ ಇಲ್ಲ ಬಿಡಿ” ಅನ್ನುತ್ತಿದ್ದರು. ಆ ಮಾತನ್ನು ದೊಡ್ಡಸಿಸ್ಟರ್ ಮನೆಗೆ ಹೋಗಿ ಗಂಡನ ಮುಂದೆ, ಆತ ತೀರಿಕೊಂಡ ಮೇಲೆ ಮಗನ ಮುಂದೆ, ಆಮೇಲೆ ಸೊಸೆಯ ಮುಂದೆ ಹೇಳಿ ಹೇಳಿ ಸವೆಸಿದ್ದರು.

ಅಂಥ ಕಡೆಗೆ ವರ್ಗವಾಗಿ ಬಂದಳು ಇನ್ನೊಬ್ಬ ನರ್ಸು. ಮೂವತ್ತರ ಆಸುಪಾಸು, ಕಡ್ಡಿಯಂಥ ಮೈ. ಮಾತಾಡಿದರೆ ಎದುರಿನವರು ಮುಂದಕ್ಕೆ ಬಾಗಿ ಕೇಳಬೇಕು, ಅಷ್ಟು ಮೆಲು ದನಿ. ಎರಡೇ ದಿನದಲ್ಲಿ ಎಲ್ಲರ ಬಾಯಲ್ಲಿ ಸಣ್ಣಸಿಸ್ಟರ್ ಆದಳು. ಅವಳಿಗೆ ಕೊಡಲು ಕೋಣೆ ಇರಲಿಲ್ಲ. ಕಟ್ಟಡದ ಹಿಂಭಾಗದಲ್ಲಿ ಮುರಿದ ಮಂಚ, ತುಕ್ಕು ಹಿಡಿದ ತೂಕದ ಯಂತ್ರ ತುಂಬಿಟ್ಟಿದ್ದ ಉಗ್ರಾಣವನ್ನು ಖಾಲಿ ಮಾಡಿಸಿ, “ಸದ್ಯಕ್ಕೆ ಇಲ್ಲೇ ಕೂತ್ಕೊಳ್ಳಿ” ಅಂದರು ಡಾಕ್ಟರು. ಆ ಕೋಣೆಗೆ ಎರಡು ಬಾಗಿಲು. ಒಂದು ಒಳಗಿನ ಹಜಾರಕ್ಕೆ, ಇನ್ನೊಂದು ಹಿಂದಿನ ಓಣಿಗೆ. ಓಣಿಯ ಕಡೆಯದು ಮರ ಉಬ್ಬಿ ವರ್ಷಗಟ್ಟಲೆ ತೆರೆಯದೆ ಕೂತಿತ್ತು. ಸಣ್ಣಸಿಸ್ಟರ್ ಬಡಗಿಯನ್ನು ಕರೆಸಿ ಅದರ ಅಂಚು ಹೆರೆಸಿದಳು, ಕೀಲಿಗೆ ಎಣ್ಣೆ ಬಿಟ್ಟಳು.

ದೊಡ್ಡಸಿಸ್ಟರಿಗೆ ನಗು ಬಂತು. “ಉಗ್ರಾಣದಲ್ಲಿ ಕೂತವಳ ಹತ್ರ ಹೆಗ್ಗಣ ಬರ್ಬೇಕಷ್ಟೆ,” ಅಂದರು ಆಯಾಳ ಹತ್ತಿರ. ಕೇಂದ್ರದ ಕಸ ಗುಡಿಸಿ, ಚೀಟಿ ಕೊಟ್ಟು, ಬಂದವರನ್ನು ಸಾಲಾಗಿ ಕೂರಿಸುವ ಹೆಂಗಸು ಆಕೆ. ಆಯಾ ನಗಲಿಲ್ಲ.

ಅವಳು ಬಂದ ನಾಲ್ಕನೇ ತಿಂಗಳ ಕೊನೆಯ ಸಭೆಯಲ್ಲಿ ಡಾಕ್ಟರು ಹಾಳೆ ನೋಡಿ ಓದಿದರು. “ಕುಟುಂಬ ಯೋಜನೆ. ನಾಲ್ಕನೇ ಕೋಣೆ, ಹನ್ನೊಂದು. ಹಿಂದಿನ ಕೋಣೆ, ನಲವತ್ತಮೂರು.” ಓದಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಇನ್ನೊಮ್ಮೆ ನೋಡಿದರು. “ನಲವತ್ತಮೂರಾ? ಭೇಷ್!”

ಸಣ್ಣಸಿಸ್ಟರ್ ತಲೆ ತಗ್ಗಿಸಿ ಮುಗುಳ್ನಕ್ಕಳು. ಆ ತಗ್ಗಿಸಿದ ತಲೆಯನ್ನು ಕಂಡು ದೊಡ್ಡಸಿಸ್ಟರಿಗೆ ಹೊಟ್ಟೆಯೊಳಗೆ ಯಾರೋ ಕೆಂಡ ಸುರಿದಂತಾಯಿತು. ಹೆಮ್ಮೆಯಿಂದ ತಲೆ ಎತ್ತಿದ್ದರೆ ಬೈಯಬಹುದಿತ್ತು. ತಗ್ಗಿಸಿದವಳನ್ನು ಏನೆಂದು ಬೈಯುವುದು?

ಅಂದಿನಿಂದ ಅವರಿಗೆ ಅವಳದ್ದೆಲ್ಲ ಕಣ್ಣಿಗೆ ಚುಚ್ಚತೊಡಗಿತು. ಅವಳು ಜಡೆಗೆ ಹಾಕುವ ಕರಿ ರಬ್ಬರು, ಊಟದ ಡಬ್ಬಿ ಮುಚ್ಚುವಾಗಿನ ಟಪ್ ಸದ್ದು, ಬರೆಯುವಾಗ ಬಾಯಲ್ಲಿ ಕಚ್ಚಿಕೊಳ್ಳುವ ಪೆನ್ನಿನ ಮುಚ್ಚಳ. ಏಳು ಬರೆದರೆ ಅದರ ಬಾಲವನ್ನು ಬಳ್ಳಿಯ ಹಾಗೆ ಸುತ್ತಿಬಿಡುತ್ತಿದ್ದಳು. ರಿಜಿಸ್ಟರಿನಲ್ಲಿ ಆ ಏಳನ್ನು ಕಂಡರೆ ಸಾಕು, ದೊಡ್ಡಸಿಸ್ಟರ್ ಹಾಳೆ ಹರಿಯುವ ಹಾಗೆ ಮಗುಚುತ್ತಿದ್ದರು.

ಕಾರಣ ಹುಡುಕಿದರು. ಒಂದೊಂದಾಗಿ ಸಿಕ್ಕವು, ಒಂದೊಂದಾಗಿ ಬಿದ್ದುಹೋದವು. ಬಹುಶಃ ಅವಳ ಹತ್ತಿರ ಹೊಸ ಔಷಧಿ ಇದೆ ಅಂದುಕೊಂಡರು. ಇರಲಿಲ್ಲ, ಎರಡೂ ಕೋಣೆಗೆ ಒಂದೇ ಪೆಟ್ಟಿಗೆಯಿಂದ ಹಂಚಿಕೆ. ಬಹುಶಃ ಮೆಲು ದನಿ ಅಂದುಕೊಂಡರು. ಒಂದು ಬೆಳಿಗ್ಗೆ ಪೂರ್ತಿ ತಾವೂ ದನಿ ಇಳಿಸಿ ಮಾತಾಡಿದರು. ಮೂರನೆಯವಳು, “ಸಿಸ್ಟರ್, ಗಂಟಲು ಕಟ್ಟಿದೆಯಾ? ಬಿಸಿನೀರು ಕುಡೀರಿ,” ಅಂದುಬಿಟ್ಟಳು. ಮಧ್ಯಾಹ್ನಕ್ಕೆ ಹಳೆಯ ದನಿಯೇ ಮರಳಿತು.

ಕೊನೆಗೆ ಆಯಾಳನ್ನೇ ಕೇಳಿದರು. “ನಿಜ ಹೇಳು. ಅವಳ ಹತ್ರ ಅಂಥದ್ದೇನಿದೆ?”

ಆಯಾ ಪೊರಕೆಯನ್ನು ಗೋಡೆಗಾನಿಸಿದಳು. “ಬೈಯಲ್ಲ ಅಂದ್ರೆ ಹೇಳ್ತೀನಿ.”

“ಬೈಯಲ್ಲ. ಹೇಳು.”

“ನಿಮ್ಮನ್ನ ಹೆಂಗಸ್ರು ಏನಂತ ಕರೀತಾರೆ ಗೊತ್ತಾ? ಗುಡುಗಮ್ಮ ಅಂತ. ನೀವು ಒಳಗಿಂದ ಹೆಸರು ಹಿಡಿದು ಕೂಗ್ತೀರಿ. ‘ಮೂರಾದ ಮೇಲೆ ಬುದ್ಧಿ ಬಂತಾ’ ಅಂತೀರಿ. ಪರದೆ ಹಿಂದೆ ನೀವಾಡೋ ಮಾತು ಹೊರಗೆ ರಸ್ತೇಲಿ ಆಟೋ ನಿಲ್ಲಿಸ್ಕೊಂಡಿರೋ ಗಂಡಸರ ಕಿವಿಗೂ ಬೀಳುತ್ತೆ. ಆಮೇಲೆ ಆ ಸಹಿ ಬೇರೆ.”

ಸಹಿ ಅಂದರೆ ಗಂಡನ ಸಹಿ. ಕಾನೂನಿನಲ್ಲಿ ಅದೇನೂ ಬೇಕಿರಲಿಲ್ಲ. ಆದರೆ ಹನ್ನೆರಡು ವರ್ಷದ ಹಿಂದೆ ಒಬ್ಬ ಗಂಡಸು, ಹೆಂಡತಿಗೆ ತನ್ನನ್ನು ಕೇಳದೆ ಕಾಪರ್-ಟಿ ಹಾಕಿದರೆಂದು ಬಂದು, ಇದೇ ಕೋಣೆಯ ಬೀರುವಿನ ಗಾಜನ್ನು ಕಲ್ಲಿನಿಂದ ಒಡೆದಿದ್ದ. ಗಾಜಿನ ಚೂರು ದೊಡ್ಡಸಿಸ್ಟರ ಹುಬ್ಬಿನ ಮೇಲೆ ಇಂದಿಗೂ ಅಳಿಯದ ಒಂದು ಗೆರೆ ಎಳೆದಿತ್ತು. ಮರುದಿನದಿಂದ ಅವರು ಸಹಿ ಕೇಳಲು ಶುರುಮಾಡಿದ್ದರು. ಒಡೆಸಿಕೊಂಡವರಿಗೆ ಗೊತ್ತು, ಇವಳೇನು ಬಲ್ಲಳು ಅಂದುಕೊಂಡರು.

“ಅವಳು ಸಹಿ ಕೇಳಲ್ವಾ?”

“ಹೆಸರೇ ಬರೆಯಲ್ಲ ಅಮ್ಮ. ಕಾರ್ಡಿನ ಮೇಲೆ ನಂಬರ್ ಹಾಕ್ತಾರೆ ಅಷ್ಟೆ. ಆಮೇಲೆ ಆ ಹಿಂದಿನ ಬಾಗಿಲು ಇದೆಯಲ್ಲ...” ಆಯಾ ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡು ಪೊರಕೆ ಎತ್ತಿಕೊಂಡಳು.

ಮರುದಿನ ದೊಡ್ಡಸಿಸ್ಟರ್ ಊಟದ ಹೊತ್ತಿನಲ್ಲಿ ಕಟ್ಟಡ ಸುತ್ತಿ ಹಿಂದಿನ ಓಣಿಗೆ ಹೋದರು. ಓಣಿಯಲ್ಲಿ ಹಿಟ್ಟಿನ ಗಿರಣಿ. ಅದರ ಕಟ್ಟೆಯ ಮೇಲೆ ಹತ್ತು ಹನ್ನೆರಡು ತಗಡಿನ ಡಬ್ಬಿಗಳು ಸಾಲಾಗಿ ಕೂತಿದ್ದವು. ಯಂತ್ರದ ಗರಗರ ಸದ್ದಿಗೆ ಪಕ್ಕದವರ ಮಾತೇ ಕೇಳದು. ಅವರು ಕಂಬದ ಮರೆಯಲ್ಲಿ ನಿಂತು ನೋಡಿದರು. ಒಬ್ಬಳು ಬಂದಳು, ಡಬ್ಬಿಯನ್ನು ಸಾಲಿನಲ್ಲಿಟ್ಟಳು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಾಲ್ಕು ಹೆಜ್ಜೆ ಆಚೆ ಹೋಗಿ ಆ ಬಾಗಿಲೊಳಗೆ ಮಾಯವಾದಳು. ಹತ್ತು ನಿಮಿಷಕ್ಕೆ ಹೊರಗೆ. ಅಷ್ಟರಲ್ಲಿ ಅವಳ ಹಿಟ್ಟು ಸಿದ್ಧ. ಬಿಸಿ ಡಬ್ಬಿಯನ್ನು ಸೊಂಟಕ್ಕೇರಿಸಿಕೊಂಡು ಮನೆ ಕಡೆ ನಡೆದಳು. ಎಲ್ಲಿಗೆ ಹೋಗಿದ್ದೆ ಎಂದು ಯಾರು ಕೇಳಿಯಾರು? ಹಿಟ್ಟಿಗೆ ಹೋಗಿದ್ದಳು.

ಮೂರನೆಯವಳಾಗಿ ಬಂದವಳ ಗುರುತು ಸಿಕ್ಕಿತು. ರಸ್ತೆಯ ತಿರುವಿನಲ್ಲಿ ತಳ್ಳುಗಾಡಿ ಇಟ್ಟುಕೊಂಡು ಬಟ್ಟೆ ಇಸ್ತ್ರಿ ಮಾಡುವವಳು, ನಾಲ್ಕು ಮಕ್ಕಳ ತಾಯಿ. ಎರಡು ವರ್ಷದ ಹಿಂದೆ ದೊಡ್ಡಸಿಸ್ಟರ ಎದುರಿನ ಕುರ್ಚಿಯಲ್ಲಿ ಕೂತಿದ್ದಳು. ಸಹಿ ಮಾಡಿಸಿಕೊಂಡು ಬಾ ಅಂದಾಗ, “ಆಯ್ತು ಸಿಸ್ಟರ್, ನಾಳೆ ತರ್ತೀನಿ,” ಅಂದಳು. ಆ ನಾಳೆ ಬಂದಿರಲಿಲ್ಲ. ನನ್ನ ಕುರ್ಚಿಯಿಂದ ಎದ್ದುಹೋದವಳು ಅವಳ ಸ್ಟೂಲಿನ ಮೇಲೆ ಹೋಗಿ ಕೂತಿದ್ದಾಳೆ! ತನ್ನ ಮನೆಯ ಹಸುವಿನ ಹಾಲನ್ನು ಪಕ್ಕದ ಮನೆಯವಳು ಕರೆದು ಕುಡಿದಷ್ಟು ಉರಿಯಿತು ಅವರಿಗೆ.

ಅವತ್ತೇ ಸಂಜೆ ಒಂದು ಅರ್ಜಿ ಬರೆದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹಿಂದಿನ ಕೋಣೆಯ ಓಣಿ ಬಾಗಿಲು ಸದಾ ತೆರೆದಿರುತ್ತದೆ, ಯಾರು ಬೇಕಾದರೂ ಒಳಗೆ ನುಗ್ಗಬಹುದು, ಔಷಧಿಗೆ ಭದ್ರತೆ ಇಲ್ಲ, ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಕೇಂದ್ರಕ್ಕೇ ಕೆಟ್ಟ ಹೆಸರು. ಡಾಕ್ಟರು ತಲೆ ಎತ್ತದೆ, “ಹೌದಲ್ಲ, ಹಾಕಿಸಿಬಿಡಿ,” ಎಂದು ಸಹಿ ಗೀಚಿದರು. ಮರುದಿನ ಆ ಬಾಗಿಲಿಗೆ ಮುಷ್ಟಿಯಷ್ಟು ದಪ್ಪದ ಬೀಗ ಬಿತ್ತು. ಸಣ್ಣಸಿಸ್ಟರ್ ಡಾಕ್ಟರ ಮುಂದೆ ಅರ್ಧ ಗಂಟೆ ನಿಂತು ಏನೇನೋ ಹೇಳಿದಳು. ಆ ಮೆಲು ದನಿ ಅವತ್ತು ಅವಳ ಕೆಲಸಕ್ಕೆ ಬರಲಿಲ್ಲ. “ನಿಯಮ ಅಂದ್ರೆ ನಿಯಮ. ಮುಂದಿನ ಬಾಗಿಲು ಇದೆಯಲ್ಲ, ಬರ್ಲಿ,” ಅಂದರು ಡಾಕ್ಟರು.

ಆ ದಿನ ದೊಡ್ಡಸಿಸ್ಟರ್ ಮನೆಗೆ ಹೋಗಿ ಮೊಮ್ಮಗಳನ್ನು ಎತ್ತಿ ಕುಣಿಸಿದರು. “ಏನತ್ತೆ, ಇವತ್ತು ಭಾರಿ ಖುಷಿ?” ಎಂದು ಸೊಸೆ ಕೇಳಿದಳು. ಅವಳು ಹೊಲಿಗೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವಳು, ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದಳು. “ಏನಿಲ್ಲ, ಆಫೀಸಿನ ಮಾತು,” ಅಂದರು ಅತ್ತೆ.

ಹೆಂಗಸರು ಇನ್ನು ತಮ್ಮ ಕೋಣೆಗೇ ಬರಬೇಕಲ್ಲ ಎಂದು ದೊಡ್ಡಸಿಸ್ಟರ್ ಲೆಕ್ಕ ಹಾಕಿದ್ದರು. ಎದುರಿನ ಕುರ್ಚಿಯ ಮೇಲೆ ಹೊಸ ಬಟ್ಟೆ ಹೊದಿಸಿದರು, ಮೇಜಿನ ಮೇಲೆ ನೀರಿನ ಹೂಜಿ ಇಟ್ಟರು. ಮುಂದಿನ ಸಭೆಯಲ್ಲಿ ಡಾಕ್ಟರು ಓದಿದರು. ಹಿಂದಿನ ಕೋಣೆ, ಹನ್ನೆರಡು. ನಾಲ್ಕನೇ ಕೋಣೆ, ಹತ್ತು. ಅದರ ಮುಂದಿನ ತಿಂಗಳು ಹಿಂದಿನ ಕೋಣೆ ಆರು, ನಾಲ್ಕನೇ ಕೋಣೆ ಹನ್ನೊಂದು. ಅವಳನ್ನು ಹಿಂದೆ ಹಾಕಿದ್ದಾಯಿತು. ಆದರೆ ಆ ಮೂವತ್ತೇಳು ಜನ ಎಲ್ಲಿ ಹೋದರು? ಹೂಜಿಯ ನೀರನ್ನು ಅವರೇ ಕುಡಿದು ಖಾಲಿ ಮಾಡುತ್ತಿದ್ದರು. ಎದುರಿನ ಕುರ್ಚಿಯ ಬಟ್ಟೆ ಸುಕ್ಕಾಗಲೇ ಇಲ್ಲ.

ಬೀಗ ಬಿದ್ದ ಮೂರನೇ ತಿಂಗಳಲ್ಲಿ ಒಂದು ಸೋಮವಾರ ಇಸ್ತ್ರಿಯವಳು ಬಂದಳು. ಮುಂದಿನ ಬಾಗಿಲಿಂದಲೇ, ಹಜಾರದ ನಟ್ಟನಡುವೆ, ಯಾರ ಮುಲಾಜೂ ಇಲ್ಲದೆ ನಡೆದುಕೊಂಡು ಬಂದು ಕುರ್ಚಿಯಲ್ಲಿ ಕೂತಳು. ದೊಡ್ಡಸಿಸ್ಟರ ಮುಖ ಅರಳಿತು.

“ಬಾರಮ್ಮ, ಬಾ. ಅಂತೂ ಬಂದ್ಯಲ್ಲ. ಮಾತ್ರೆ ಬೇಕಾ, ಇಂಜೆಕ್ಷನ್ನಾ?”

“ಎರಡೂ ಬೇಡ ಸಿಸ್ಟರ್. ಬಸುರಿ ಕಾರ್ಡ್ ಬೇಕು.”

ದೊಡ್ಡಸಿಸ್ಟರ ಕೈ ಬೀರುವಿನ ಹಿಡಿಯ ಮೇಲೇ ನಿಂತಿತು.

“ಐದನೇದು,” ಅಂದಳು ಇಸ್ತ್ರಿಯವಳು. ಕೆಂಡದ ಇಸ್ತ್ರಿಪೆಟ್ಟಿಗೆ ಹಿಡಿದು ಹಿಡಿದು ಅಂಗೈ ಗಟ್ಟಿಯಾಗಿದ್ದ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಿದ್ದಳು. “ಹಿಂದಿನ ಬಾಗಿಲಲ್ಲಿ ತಿಂಗಳು ತಿಂಗಳು ಮಾತ್ರೆ ಒಯ್ತಿದ್ದೆ. ಬೀಗ ಹಾಕಿದ್ರು. ಎರಡು ಸಲ ಬಂದು ಬೀಗ ನೋಡ್ಕೊಂಡು ಹೋದೆ.”

“ಮುಂದಿನ ಬಾಗಿಲಿರಲಿಲ್ವಾ? ಇವತ್ತು ಬಂದ್ಯಲ್ಲ ಹಾಗೇ ಬರೋದು!”

“ಮುಂದೆ ಆಟೋ ಸ್ಟ್ಯಾಂಡ್ ಇದೆ ಸಿಸ್ಟರ್. ನಮ್ಮೆಜಮಾನ್ರು ಅಲ್ಲೇ ಇರ್ತಾರೆ. ಮಾತ್ರೆ ಅಂತ ಗೊತ್ತಾಗಿದ್ರೆ ಕಾಲು ಮುರೀತಿದ್ರು.” ಅವಳು ನಕ್ಕಳು. ಆ ನಗು ಕಣ್ಣಿನ ತನಕ ಹೋಗಲಿಲ್ಲ. “ಈಗ ಬಸುರಿ ಅಂತ ಅವರೇ ಆಟೋದಲ್ಲಿ ಬಿಟ್ಟು ಹೋದ್ರು. ಈಗ ಮುಚ್ಚಿಡೋಕೆ ಏನಿದೆ ಹೇಳಿ?”

ದೊಡ್ಡಸಿಸ್ಟರ್ ಕಾರ್ಡು ಬರೆದರು. ರಕ್ತ ಕಮ್ಮಿ ಎಂದು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಾಗಲೇ ತಿಳಿಯಿತು. ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರು. ಆಮೇಲೆ ಬಹಳ ಹೊತ್ತು ತಮ್ಮೊಳಗೇ ವಾದ ಮಾಡಿದರು. ನಾನೇನು ಮಾತ್ರೆ ಕಿತ್ತುಕೊಂಡೆನೇ? ಅವಳ ಗಂಡ ಒರಟನಾದರೆ ಅದಕ್ಕೆ ನಾನು ಹೊಣೆಯೇ? ವಾದದಲ್ಲಿ ಅವರೇ ಗೆದ್ದರು. ಆದರೆ ಮಧ್ಯಾಹ್ನ ಬಿಚ್ಚಿದ ಡಬ್ಬಿಯನ್ನು ಹಾಗೇ ಮುಚ್ಚಿಟ್ಟರು.

ಅದೇ ವಾರದ ಭಾನುವಾರ. ಸೊಸೆ ಬಚ್ಚಲಲ್ಲಿ ಮಗುವಿಗೆ ನೀರು ಹಾಕುತ್ತಿದ್ದಳು. ಹಿಟ್ಟು ಮುಗಿದಿತ್ತು. ಸೊಸೆ ಹೊಸದಾಗಿ ಬೀಸಿಸಿ ತಂದದ್ದನ್ನು ಜಾಡಿಗೆ ತುಂಬೋಣವೆಂದು ದೊಡ್ಡಸಿಸ್ಟರ್ ಬಟ್ಟೆಯ ಚೀಲದಿಂದ ಡಬ್ಬಿ ಎತ್ತಿದರು. ಚೀಲದ ತಳದಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಮಡಿಸಿದ ಏನೋ ಇತ್ತು. ಬಿಡಿಸಿದರು. ದಪ್ಪ ಕಾಗದದ ಕಾರ್ಡು. ಹೆಸರಿಲ್ಲ. ಮೇಲ್ಗಡೆ ನಂಬರು, ಇಪ್ಪತ್ತೇಳು. ಆ ಏಳರ ಬಾಲ ಬಳ್ಳಿಯ ಹಾಗೆ ಸುತ್ತಿತ್ತು.

ಎರಡು ಚುಚ್ಚುಮದ್ದಿನ ತಾರೀಖು ಬರೆದಿತ್ತು. ಮೂರನೆಯದರ ತಾರೀಖು ದಾಟಿ ಐದು ವಾರವಾಗಿತ್ತು, ಅದರ ಮುಂದಿನ ಜಾಗ ಖಾಲಿ.

ಆಗ ಅವರ ಎದೆಯಲ್ಲಿ ಮೊದಲು ಎದ್ದದ್ದು ಸೊಸೆಯ ಚಿಂತೆಯಲ್ಲ. ಅದನ್ನು ಅವರು ಆಮೇಲೆ ಎಷ್ಟೋ ದಿನ ನೆನೆದು ನಾಚಿಕೊಂಡರು. ಮೊದಲು ಎದ್ದದ್ದು ಅದೇ ಹಳೆಯ ಉರಿ. ನನ್ನ ಮನೆಯೊಳಗೂ ಬಂದಳು. ನನ್ನ ಸೊಸೆಯನ್ನೂ ಬಿಡಲಿಲ್ಲ.

ಮಗುವನ್ನು ಟವಲಿನಲ್ಲಿ ಸುತ್ತಿಕೊಂಡು ಸೊಸೆ ಬಚ್ಚಲಿಂದ ಬಂದಳು. ಅತ್ತೆಯ ಕೈಯಲ್ಲಿದ್ದ ಕಾರ್ಡು ನೋಡಿದವಳೇ ಅಲ್ಲೇ ನಿಂತಳು.

“ಇದು ನಿಂದಾ?”

“ಹೌದು.”

“ಊರಿಗೆಲ್ಲ ಇಂಜೆಕ್ಷನ್ ಹಾಕೋಳು ಮನೇಲೇ ಇದ್ದೀನಿ. ಒಂದೇ ಒಲೆ, ಒಂದೇ ಸೂರು. ನನ್ನ ಬಿಟ್ಟು ಆ ಉಗ್ರಾಣಕ್ಕೆ ಹೋಗಿದ್ಯಾ? ನನಗಿಂತ ಅವಳು ಹೆಚ್ಚಾದ್ಲಾ?”

ಸೊಸೆ ಮಗುವಿನ ತಲೆ ಒರೆಸಿದಳು. “ನಿಮ್ಮ ಹತ್ರ ಹೇಗೆ ಕೇಳ್ಲಿ ಅತ್ತೆ? ತೊಟ್ಟಿಲನ್ನ ಅಟ್ಟಕ್ಕೆ ಹಾಕೋಣ ಅಂದ್ರೆ, ‘ಇರ್ಲಿ ಬಿಡು, ಬೇಗ ಬೇಕಾಗುತ್ತೆ’ ಅಂದಿದ್ದು ಯಾರು? ಯಾರಾದ್ರೂ ಮನೆಗೆ ಬಂದ್ರೆ ‘ಮುಂದಿನ ವರ್ಷ ಇವಳಿಗೆ ತಮ್ಮ ಬರ್ತಾನೆ’ ಅಂತ ಮಗು ಕೆನ್ನೆ ಹಿಂಡೋದು ಯಾರು?”

“ಅದು ತಮಾಷೆಗೆ...”

“ನಿಮಗೆ ತಮಾಷೆ. ಇವಳು ಹುಟ್ಟುವಾಗ ನಾನು ಎರಡು ದಿನ ಒದ್ದಾಡಿದ್ದು ನಿಮಗೆ ಗೊತ್ತು. ಕಾರ್ಖಾನೇಲಿ ನನ್ನನ್ನ ಸೂಪರ್‌ವೈಸರ್ ತರಬೇತಿಗೆ ಆರಿಸಿದ್ದಾರೆ. ಆರು ತಿಂಗಳು ಬಿಡುವಿಲ್ಲದೆ ಹೋಗ್ಬೇಕು. ಇದೆಲ್ಲ ಹೇಳ್ಕೊಂಡು ನಾನು ನಾಲ್ಕನೇ ಕೋಣೆಗೆ ಬಂದಿದ್ರೆ, ಅಲ್ಲಿ ಕುರ್ಚೀಲಿ ಕೂತು ಕೇಳೋರು ಸಿಸ್ಟರಾ, ಅತ್ತೇನಾ?”

ದೊಡ್ಡಸಿಸ್ಟರ್ ಕಾರ್ಡನ್ನು ಮತ್ತೆ ಪ್ಲಾಸ್ಟಿಕ್ ಹಾಳೆಯಲ್ಲಿ ಮಡಿಸಿದರು.

“ಅವನಿಗೆ ಗೊತ್ತಾ?” ಎಂದು ಕೊನೆಗೆ ಕೇಳಿದರು. ಮಗನ ಮಾತು.

“ಗೊತ್ತು. ‘ಅಮ್ಮನ ಕಿವಿಗೆ ಮಾತ್ರ ಬೀಳಿಸ್ಬೇಡ’ ಅಂದಿದ್ದೂ ಅವರೇ.” ಸೊಸೆ ಕಣ್ಣೊರೆಸಿಕೊಂಡಳು. “ಮೂರನೇದಕ್ಕೆ ಹೋದಾಗ ಯಾರೋ ಪುಣ್ಯಾತ್ಮರು ಬೀಗ ಜಡಿದಿದ್ರು. ಮುಂದಿನಿಂದ ಬಂದ್ರೆ ನಿಮ್ಮ ಕೋಣೆ ದಾಟಿ ಹೋಗ್ಬೇಕು. ಹೇಗೆ ಬರ್ಲಿ? ಈಗ ಮುಟ್ಟಿನ ದಿನಾನೂ ದಾಟಿದೆ ಅತ್ತೆ. ಎರಡು ವಾರದಿಂದ ನನಗೆ ಹೊಟ್ಟೆಗೆ ಅನ್ನ ಸೇರ್ತಿಲ್ಲ.”

ಮಗ ಸಂಜೆ ಬಂದ. ಅವನು ಇಬ್ಬರ ಮುಖವನ್ನೂ ನೋಡಿ, ಮಗುವನ್ನು ಎತ್ತಿಕೊಂಡು ಸದ್ದಿಲ್ಲದೆ ಅಂಗಡಿ ಕಡೆ ಹೊರಟುಹೋದ.

ಸೋಮವಾರ ಬೆಳಿಗ್ಗೆ ಅತ್ತೆ ಸೊಸೆ ಒಟ್ಟಿಗೆ ಕೇಂದ್ರಕ್ಕೆ ಹೋದರು. ಹತ್ತೊಂಬತ್ತು ವರ್ಷದಲ್ಲಿ ದೊಡ್ಡಸಿಸ್ಟರ್ ಆ ಹಜಾರವನ್ನು ದಿನಕ್ಕೆ ಇಪ್ಪತ್ತು ಸಲ ದಾಟಿದ್ದರು. ಅದು ಉದ್ದ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಅವತ್ತು ಸೊಸೆಯ ಪಕ್ಕದಲ್ಲಿ ನಡೆಯುವಾಗ ಎರಡೂ ಕಡೆಯ ಬೆಂಚುಗಳ ಮೇಲೆ ಕೂತವರೆಲ್ಲ ಕತ್ತು ತಿರುಗಿಸಿದರು. ಪಕ್ಕದ ಬೀದಿಯ ಮುದುಕಿಯೊಬ್ಬಳು ಬೊಚ್ಚುಬಾಯಲ್ಲಿ ನಗುತ್ತ ಕೇಳಿಯೇ ಬಿಟ್ಟಳು. “ಏನ್ ಸಿಸ್ಟರ್, ಸೊಸೆಗೆ ವಿಶೇಷಾನಾ?”

ಅಷ್ಟೇ ಸಾಕಿತ್ತು, ಇನ್ನೂ ಮೂರು ಜನ ಬಾಗಿ ನೋಡಿದರು. ಸೊಸೆ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. ಸಂಜೆಯೊಳಗೆ ಈ ಮಾತು ತಮ್ಮ ಮನೆಯ ಬಾಗಿಲಿಗೆ ಬಂದು ತಟ್ಟುತ್ತದೆಂದು ದೊಡ್ಡಸಿಸ್ಟರಿಗೆ ಗೊತ್ತಿತ್ತು. “ಹಲ್ಲುನೋವು ಕಣಜ್ಜಿ,” ಅಂದರು. ಜೀವಮಾನದಲ್ಲಿ ಆ ಕಟ್ಟಡದೊಳಗೆ ಅವರು ಹೇಳಿದ ಮೊದಲ ಸುಳ್ಳು ಅದು.

ಹಿಂದಿನ ಕೋಣೆಯಲ್ಲಿ ಸಣ್ಣಸಿಸ್ಟರ್ ಖಾಲಿ ಸ್ಟೂಲಿನ ಎದುರು ಕೂತು ಹತ್ತಿ ಉಂಡೆ ಮಾಡುತ್ತಿದ್ದಳು. ಇಬ್ಬರನ್ನೂ ನೋಡಿ ಎದ್ದಳು. ಒಂದು ಪ್ರಶ್ನೆಯೂ ಕೇಳಲಿಲ್ಲ. ಸೊಸೆಯ ಕೈಯಿಂದ ಕಾರ್ಡು ತೆಗೆದುಕೊಂಡು ತಾರೀಖು ನೋಡಿದಳು. “ನೀವು ಹೊರಗಿರ್ತೀರಾ ಅಕ್ಕಾ?” ಅಂದಳು. ಹೊರಗೆ ಹೋಗಿ ಎಂದು ಹತ್ತೊಂಬತ್ತು ವರ್ಷದಲ್ಲಿ ಆ ಕೇಂದ್ರದಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ. ಹೋದರು. ಬಾಗಿಲ ಹೊರಗೆ ಗೋಡೆ ನೋಡುತ್ತ ನಿಂತರು. ಬೇಡ ಎಂದು ಬೇಡಿಕೊಂಡರು. ಮೊಮ್ಮಗ ಬೇಕೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದವರು, ಇವತ್ತು ಮಾತ್ರ ಬೇಡಪ್ಪ ದೇವರೇ ಎಂದು ಬೇಡಿಕೊಂಡರು.

ಕಾಲು ಗಂಟೆಯ ಮೇಲೆ ಬಾಗಿಲು ತೆರೆಯಿತು. “ಏನೂ ಆಗಿಲ್ಲ. ಇಂಜೆಕ್ಷನ್ ಹಾಕಿದ್ದೀನಿ,” ಅಂದಳು ಸಣ್ಣಸಿಸ್ಟರ್. “ಎರಡು ವಾರ ಬಿಟ್ಟು ಇನ್ನೊಂದ್ಸಲ ಪರೀಕ್ಷೆ ಮಾಡೋಣ, ಖಾತ್ರಿಗೆ.” ಸೊಸೆ ಮುಖ ಮುಚ್ಚಿಕೊಂಡು ಅಳುತ್ತಿದ್ದಳು, ಹಗುರಾದ ಅಳು.

ದೊಡ್ಡಸಿಸ್ಟರ್ ಒಳಗೆ ಬಂದು ಬಾಗಿಲು ಹಾಕಿದರು. “ಆ ಬೀಗ ಹಾಕ್ಸಿದ್ದು ನಾನೇ,” ಅಂದರು. ಯಾರಿಗೆ ಹೇಳುತ್ತಿದ್ದೇನೆಂದು ಗೊತ್ತಾಗದೆ ಇಬ್ಬರ ನಡುವೆ ನೆಲ ನೋಡಿ ಹೇಳಿದರು. “ಔಷಧಿ ಭದ್ರತೆಗಲ್ಲ. ಹೊಟ್ಟೆಕಿಚ್ಚಿಗೆ.”

ಸೊಸೆಯ ಅಳು ನಿಂತಿತು. ಅವಳು ಅತ್ತೆಯನ್ನು ನೋಡಿದ ನೋಟ ಹೇಗಿತ್ತೆಂದರೆ, ಅದಕ್ಕಿಂತ ಆ ಗಾಜಿನ ಚೂರೇ ವಾಸಿ ಅನ್ನಿಸಿತು ದೊಡ್ಡಸಿಸ್ಟರಿಗೆ. ಅವಳು ಚೀಲ ತೆಗೆದುಕೊಂಡು ಕಾರ್ಖಾನೆಗೆ ಹೊರಟುಹೋದಳು.

“ನನಗೆ ಗೊತ್ತಿತ್ತು,” ಅಂದಳು ಸಣ್ಣಸಿಸ್ಟರ್. “ಅರ್ಜಿ ನಿಮ್ಮ ಅಕ್ಷರದಲ್ಲೇ ಇತ್ತಲ್ಲ.”

“ಡಾಕ್ಟರಿಗೆ ಹೇಳಿ ಇವತ್ತೇ ತೆಗೆಸ್ತೀನಿ.”

“ತೆಗೆಸಿ.” ದನಿ ಮೆಲುವಾಗಿಯೇ ಇತ್ತು, ಆದರೆ ಅದರೊಳಗಿನ ಸಿಟ್ಟು ಕೇಳಲು ಬಾಗಬೇಕಾಗಿರಲಿಲ್ಲ. “ಬೀಗ ತೆಗೆದ್ರೆ ಮುಗೀತಾ ಅಕ್ಕಾ? ಒಬ್ಬೊಬ್ಬರನ್ನ ನಂಬಿಸೋಕೆ ತಿಂಗಳುಗಟ್ಟಲೆ ಹಿಡೀತು. ಬೀಗ ನೋಡಿ ಹೋದೋರಿಗೆ ಮತ್ತೆ ತೆಗೆದಿದೆ ಅಂತ ಯಾರು ಹೇಳ್ತಾರೆ? ಮನೆಗೆ ಹೋಗಿ ಹೇಳೋ ಹಾಗಿಲ್ಲ. ಅವರ ಹೆಸರೂ ನನ್ನ ಹತ್ರ ಇಲ್ಲ. ಇಸ್ತ್ರಿಯವಳಿಗಂತೂ ಯಾರು ಏನು ಹೇಳಿದ್ರೂ ಈಗ ಉಪಯೋಗವಿಲ್ಲ.”

ದೊಡ್ಡಸಿಸ್ಟರ್ ಸ್ಟೂಲಿನ ಮೇಲೆ ಕೂತರು. ಅದು ಒಂದು ಕಾಲು ಗಿಡ್ಡವಾಗಿ ಅಲುಗಾಡುವ ಸ್ಟೂಲು. ಇದರ ಮೇಲೆ ಕೂರಲು ನಲವತ್ತಮೂರು ಜನ ಬರುತ್ತಿದ್ದರಲ್ಲ ಎಂದು ಆ ಹೊತ್ತಿನಲ್ಲೂ ಮನಸ್ಸು ಚುಚ್ಚಿತು.

“ನಾನು ಹೇಳ್ತೀನಿ,” ಅಂದರು.

ಡಾಕ್ಟರ ಹತ್ತಿರ ಸುಲಭವಾಗಲಿಲ್ಲ. “ಹಾಕಿ ಅಂದೋರೂ ನೀವೇ, ತೆಗೀರಿ ಅನ್ನೋರೂ ನೀವೇ. ಇದೇನು ಮಕ್ಕಳಾಟವಾ?” ಎಂದು ರೇಗಿದರು. ದೊಡ್ಡಸಿಸ್ಟರ್ ಇನ್ನೊಂದು ಅರ್ಜಿ ಬರೆದರು. ಹಿಂದಿನ ಅರ್ಜಿ ತಪ್ಪೆಂದೂ, ಬಾಗಿಲು ಮುಚ್ಚಿದ್ದರಿಂದ ಹೆಂಗಸರು ಬರುವುದೇ ನಿಂತಿತೆಂದೂ, ಔಷಧಿಯ ಬೀರುವಿಗೆ ಬೇರೆ ಬೀಗ ಹಾಕಿದರೆ ಸಾಕೆಂದೂ ಬರೆದು ಕೆಳಗೆ ಪೂರ್ತಿ ಹೆಸರು ಹಾಕಿ ಸಹಿ ಮಾಡಿದರು. ಡಾಕ್ಟರು ಅದನ್ನು ಎರಡು ಸಲ ಓದಿ, ಅವರ ಮುಖ ನೋಡಿ, ಏನೂ ಕೇಳದೆ ಕೀಲಿಕೈ ತೆಗೆದುಕೊಟ್ಟರು.

ಮುಂದಿನ ಎರಡು ತಿಂಗಳು ಊಟದ ಹೊತ್ತಿನಲ್ಲಿ ದೊಡ್ಡಸಿಸ್ಟರ್ ಗಿರಣಿಯ ಕಟ್ಟೆಯ ಮೇಲೆ ಕಂಡುಬಂದರು. ಸಮವಸ್ತ್ರದ ಮೇಲೆ ಹಳೆ ಶಾಲು ಹೊದ್ದು, ಪಕ್ಕದಲ್ಲಿ ಒಂದು ಡಬ್ಬಿ ಇಟ್ಟುಕೊಂಡು ಕೂರುತ್ತಿದ್ದರು. ಗಿರಣಿಯವನು ಮೊದಲ ವಾರ, “ಸಿಸ್ಟರಮ್ಮ, ದಿನಾ ಅಷ್ಟು ಹಿಟ್ಟು ತಿಂತೀರಾ?” ಎಂದು ನಕ್ಕ. ಆಮೇಲೆ ಕೇಳುವುದು ಬಿಟ್ಟ. ಹುಬ್ಬು, ರೆಪ್ಪೆ, ಮೂಗಿನ ತುದಿಯ ಮೇಲೆಲ್ಲ ಬಿಳಿ ಹಿಟ್ಟು ಕೂರುತ್ತಿತ್ತು. ಗುರುತಿನ ಹೆಂಗಸು ಬಂದರೆ ಡಬ್ಬಿಯ ಮುಚ್ಚಳ ಸರಿಮಾಡುವ ನೆಪದಲ್ಲಿ ಬಾಗಿ, ಯಂತ್ರದ ಸದ್ದಿನ ಮರೆಯಲ್ಲಿ ಕಿವಿಯ ಹತ್ತಿರ ಹೇಳುತ್ತಿದ್ದರು. “ಬಾಗಿಲು ತೆಗೆದಿದೆ. ಸಣ್ಣಸಿಸ್ಟರ್ ಒಳಗಿದ್ದಾರೆ.” ಗುಡುಗಮ್ಮ ಪಿಸುಗುಟ್ಟುವುದನ್ನು ಕೇಳಿ ಕೆಲವರು ಬೆಚ್ಚಿ ಬಿದ್ದರು. ಇಬ್ಬರು ನಂಬದೆ ಡಬ್ಬಿ ಎತ್ತಿಕೊಂಡು ಹಾಗೇ ಹೋದರು. ಉಳಿದವರು ಅತ್ತಿತ್ತ ನೋಡಿ ಆ ಬಾಗಿಲ ಕಡೆ ನಡೆದರು.

ಒಬ್ಬೊಬ್ಬಳು ಒಳಗೆ ಹೋದಾಗಲೂ ದೊಡ್ಡಸಿಸ್ಟರಿಗೆ ಹೊಟ್ಟೆ ಉರಿಯುತ್ತಿತ್ತು. ಅದು ತಣ್ಣಗಾಗುತ್ತದೆಂದು ಕಾದರು, ಆಗಲಿಲ್ಲ. ತನ್ನ ಕೈಯಾರೆ ಎದುರಾಳಿಯ ಕೋಣೆ ತುಂಬಿಸುವ ಕೆಲಸ ಇದು, ಯಾರಿಗೆ ತಣ್ಣಗಾದೀತು? ಉರಿಯುತ್ತಲೇ ಹೇಳಿದರು. ಇಸ್ತ್ರಿಯವಳಿಗೆ ಪ್ರತಿ ವಾರ ತಾವೇ ಗಾಡಿಯ ಹತ್ತಿರ ಹೋಗಿ ರಕ್ತದ ಮಾತ್ರೆ ಕೊಟ್ಟು ಬಂದರು. ಅವಳು ತೆಗೆದುಕೊಳ್ಳುತ್ತಿದ್ದಳು, ಹೆಚ್ಚು ಮಾತಾಡುತ್ತಿರಲಿಲ್ಲ. ಬೀಗದ ಕಥೆ ಅವಳಿಗೆ ಹೇಳುವ ಧೈರ್ಯ ದೊಡ್ಡಸಿಸ್ಟರಿಗೆ ಇನ್ನೂ ಬಂದಿರಲಿಲ್ಲ.

ಸಹಿ ಕೇಳುವುದನ್ನು ಬಿಟ್ಟರು. ಹೆಸರು ಕೂಗುವುದನ್ನೂ ಬಿಟ್ಟರು, ಎರಡು ಮೂರು ಸಲ ಮರೆತು ಕೂಗಿ ನಾಲಿಗೆ ಕಚ್ಚಿಕೊಂಡರು. ಸಭೆಯಲ್ಲಿ ಡಾಕ್ಟರು ಓದಿದರು. ಹಿಂದಿನ ಕೋಣೆ, ಮೂವತ್ತೊಂದು. ನಾಲ್ಕನೇ ಕೋಣೆ, ಹದಿನಾಲ್ಕು. ಹದಿನಾಲ್ಕು ಅಂದಾಗ ಸಣ್ಣಸಿಸ್ಟರ್ ಅವರ ಕಡೆ ನೋಡಿದಳು. ದೊಡ್ಡಸಿಸ್ಟರ್ ಕಿಟಕಿಯಾಚೆ ನೋಡಿದರು.

ಮನೆಯಲ್ಲಿ ಸೊಸೆ ಹದಿನೆಂಟು ದಿನ ಅತ್ತೆಯ ಜೊತೆ ಮಾತು ಬಿಟ್ಟಿದ್ದಳು. ಹತ್ತೊಂಬತ್ತನೇ ದಿನ ದೊಡ್ಡಸಿಸ್ಟರ್ ಮಗನ ಕೈಯಲ್ಲಿ ಏಣಿ ಹಿಡಿಸಿ ತೊಟ್ಟಿಲನ್ನು ತಾವೇ ಹತ್ತಿ ಅಟ್ಟಕ್ಕೆ ಹಾಕಿದರು. ಕೆಳಗೆ ಇಳಿಯುವಾಗ ಸೊಸೆ ಏಣಿಯ ಬುಡದಲ್ಲಿ ನಿಂತಿದ್ದಳು. “ನಿಧಾನ ಅತ್ತೆ,” ಅಂದಳು. ಅಷ್ಟೇ. ಆಮೇಲೆ ಸಾರಿಗೆ ಉಪ್ಪು ಸಾಕಾ, ಮಗು ಮಲಗಿತಾ ಎಂದು ಚೂರುಪಾರು ಮಾತು ಶುರುವಾಯಿತು. ಮೊದಲಿನ ಸಲಿಗೆ ಬರಲಿಲ್ಲ. ಅದನ್ನು ಕೇಳುವ ಮುಖ ದೊಡ್ಡಸಿಸ್ಟರಿಗೂ ಇರಲಿಲ್ಲ.

ಎರಡನೇ ಪರೀಕ್ಷೆಯಲ್ಲೂ ಏನೂ ಕಂಡಿರಲಿಲ್ಲ. ಮುಂದಿನ ಚುಚ್ಚುಮದ್ದಿನ ದಿನ ಬಂತು. ಸೊಸೆಯ ತರಬೇತಿ ನಡೆಯುತ್ತಿತ್ತು, ಮಧ್ಯಾಹ್ನ ಒಂದು ಗಂಟೆ ಬಿಡುವು ಕೇಳಿ ಬಂದಿದ್ದಳು. “ಬೇಕಿದ್ರೆ ನಾನೇ ಹಾಕ್ತೀನಿ. ಪರದೆ ಹಾಕಿ, ಬಾಗಿಲು ಹಾಕಿ. ಏನೂ ಕೇಳಲ್ಲ,” ಅಂದಿದ್ದರು ದೊಡ್ಡಸಿಸ್ಟರ್ ಬೆಳಿಗ್ಗೆ. ಹೇಳುವಾಗ ಎಷ್ಟು ಆಸೆಯಿತ್ತೆಂದು ಅವರಿಗೇ ಗೊತ್ತಿರಲಿಲ್ಲ. ಸೊಸೆ ಮಗುವಿನ ಅಂಗಿಯ ಗುಂಡಿ ಹಾಕುತ್ತ, “ಬೇಡ ಅತ್ತೆ. ನಾನು ಅಲ್ಲಿಗೇ ಹೋಗ್ತೀನಿ. ನೀವು ಪಾಪುನ ನೋಡ್ಕೊಳ್ತೀರಾ?” ಅಂದಳು.

ಹಾಗಾಗಿ ಅವರು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಿರಣಿಯ ಕಟ್ಟೆಯ ಮೇಲೆ ಕೂತರು. ಸೊಸೆ ಆ ಬಾಗಿಲೊಳಗೆ ಹೋದಳು. ಯಂತ್ರ ಒಂದು ಕ್ಷಣ ನಿಂತಾಗ ಒಳಗಿಂದ ಇಬ್ಬರೂ ನಗುವುದು ಕೇಳಿಸಿತು. ಸೊಸೆ ಮನೆಯಲ್ಲಿ ಹಾಗೆ ಬಾಯಿಬಿಟ್ಟು ನಕ್ಕು ತಿಂಗಳುಗಳಾಗಿದ್ದವು. ಏನು ಮಾತಾಡುತ್ತಿದ್ದಾರೆ? ನನ್ನ ವಿಷಯವೇ? ದೊಡ್ಡಸಿಸ್ಟರ್ ಅರ್ಧ ಎದ್ದರು. ಬಾಗಿಲ ಸಂದಿಗೆ ನಾಲ್ಕು ಹೆಜ್ಜೆ, ಅಷ್ಟೇ.

ಮೊಮ್ಮಗಳು ಹಿಟ್ಟಿನಲ್ಲಿ ಅದ್ದಿದ ಕೈಯಿಂದ ಅವರ ಕೆನ್ನೆ ಮುಟ್ಟಿದಳು. ಅವರು ಮತ್ತೆ ಕೂತರು. ಗಿರಣಿಯವನು ಯಂತ್ರ ಶುರುಮಾಡಿದ, ನಗು ಕೇಳದಾಯಿತು. ಮಗುವಿನ ಅಂಗೈ ಬಿಡಿಸಿ, ಬೆರಳ ಸಂದಿಯ ಹಿಟ್ಟನ್ನು ಸೆರಗಿನ ತುದಿಯಿಂದ ಒಂದೊಂದಾಗಿ ಒರೆಸುತ್ತ, ಸೊಸೆ ಹೊರಗೆ ಬರುವವರೆಗೂ ಅವರು ಅಲ್ಲೇ ಕೂತಿದ್ದರು.